ಹೆಬ್ಬೆಟ್ಟು ಮೊದಲು

ಜಬೀವುಲ್ಲಾ ನನ್ನ ಕೈಯನ್ನು ಬೆಳಕಿಗೆ ಹಿಡಿದ.
ಆಟೋ ಕಾಂಪ್ಲೆಕ್ಸಿನ ಶೆಡ್ಡು. ಒಂದು ಕಡೆ ಲಾರಿಯ ಪಿಸ್ಟನ್ನು,
ಇನ್ನೊಂದು ಕಡೆ ಗೋಣಿಯ ಮೇಲೆ ನನ್ನ ಚೆಂಡು:
ಹನ್ನೆರಡು ಪೌಂಡು, ನೇರಳೆ ಬಣ್ಣ, ಇನ್ನೂ ಕುರುಡು.
"ತೆಂಗಿನಕಾಯಿ ಮೂರು ಕಣ್ಣು ಇಟ್ಕೊಂಡೇ ಹುಟ್ಟುತ್ತೆ," ಅಂದ,
"ಇದಕ್ಕೆ ನಾವೇ ಕೊರೀಬೇಕು.
ಏನು ಕೆಲಸ ಮಾಡುತ್ತೆ ಈ ಹೆಬ್ಬೆಟ್ಟು?"

ಕಂಡಕ್ಟರ್ ಕೆಲಸ. ಹೊಸನಗರ ರೂಟು, ಹದಿಮೂರು ವರ್ಷ.
ಮೊದಲು ಟಿಕೆಟ್ ಹರಿಯುತ್ತಿತ್ತು,
ಈಗ ಮೆಷಿನ್ನಿನ ಗುಂಡಿ ಒತ್ತುತ್ತೆ.
"ಅದಕ್ಕೇ ಗೆಣ್ಣು ದಪ್ಪ, ಬುಡ ಸಣ್ಣ."
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡ
ಬೆಳಗಿನ ಅಳತೆ ಒಂದು, ಡ್ಯೂಟಿ ಮುಗಿದ ಮೇಲಿನದು ಒಂದು.
ಎರಡರ ನಡುವೆ ಒಂದು ಕೂದಲೆಳೆ.
ಆ ಕೂದಲೆಳೆಗೇ ಅವನು ದುಡ್ಡು ತಗೊಳ್ಳೋದು.

ಸವಳಂಗ ರಸ್ತೆಯ ಎರಡನೇ ಮಹಡಿಯಲ್ಲಿ ಇರುವುದು ನಾಲ್ಕೇ ಲೇನು.
ಅಲ್ಲಿಯ ಚೆಂಡುಗಳು ಊರ ಸೊತ್ತು, ಎಲ್ಲರ ಬೆರಳಿಗೂ ದೊಗಳೆ.
ದೊಗಳೆಯಾದದ್ದನ್ನು ಕೈ ನಂಬುವುದಿಲ್ಲ, ಹಿಂಡುತ್ತದೆ.
ಹೋದ ಶ್ರಾವಣದಲ್ಲಿ ಹಾಗೇ ಹಿಂಡಿ ಹಿಂಡಿ ಬಿಟ್ಟೆ ಒಂದನ್ನು:
ಮೊಣಕಾಲೆತ್ತರ ಹಾರಿ ದಢಾರನೆ ಬಿತ್ತು.
ಪಕ್ಕದ ಲೇನಿನ ಹುಡುಗರು
ಆ ಶಬ್ದಕ್ಕೇ ಚಪ್ಪಾಳೆ ಹೊಡೆದರು.
ಉಗುರು ದೀಪಾವಳಿಯವರೆಗೂ ಕಪ್ಪಗಿತ್ತು.

"ಬಿಗಿಯಾದರೆ ತೂತು ಬಿಡಲ್ಲ,
ಸಡಿಲಾದರೆ ನೀವು ಬಿಡಲ್ಲ," ಅಂದು ಮೋಟಾರು ಹಾಕಿದ.
ನೇರಳೆ ಸುರುಳಿ ಸುರುಳಿಯಾಗಿ ಬಂತು,
ಸುಟ್ಟ ಬಾಚಣಿಗೆಯ ವಾಸನೆ.
ಮಧ್ಯದ ಬೆರಳು, ಉಂಗುರದ ಬೆರಳು: ಮೊದಲ ಗೆಣ್ಣಿನವರೆಗೆ ಮಾತ್ರ,
ಒಳಗೆ ರಬ್ಬರಿನ ಬಳೆ.
ಹೆಬ್ಬೆಟ್ಟಿನ ಕಣ್ಣು ಮಾತ್ರ ಚೂರು ಓರೆ, ಅಂಗೈಯಿಂದ ಆಚೆಗೆ,
ಹೊರಡುವ ಮನಸ್ಸಿದ್ದವರ ಹಾಗೆ.
ಸಂಜೆ ಬೆರಳು ಊದಿದಾಗ ಕಿತ್ತು ಹಾಕಲು
ಒಳಗೋಡೆಗೆ ಒಂದರ ಮೇಲೊಂದು ಎರಡು ಪಟ್ಟಿ ಟೇಪು.

ಅನ್ವಿತ್ ಅಂತ ಒಬ್ಬ ಹುಡುಗ, ಪಿಯುಸಿ.
ಕುಂಬಳಕಾಯಿ ಎತ್ತಿದಂತೆ ಎರಡೂ ಕೈಯಲ್ಲಿ ಹಿಡಿದು ಓಡಿ ಬಿಡುತ್ತಾನೆ,
ಚೆಂಡು ಬುಗುರಿಯಾಗುತ್ತದೆ.
"ಆಂಟಿ, ಈಗ ಹೆಬ್ಬೆಟ್ಟೇ ಬೇಡ. ತೂತು ದಂಡ."
ಇರಬಹುದು ಮಾರಾಯ.
ನಮ್ಮಜ್ಜಿ ಸೊಸೈಟಿ ಸಾಲಕ್ಕೆ ಒತ್ತಿದ್ದು ಇದೇ ಬೆರಳು,
ನಮ್ಮವ್ವ ರೇಷನ್ನಿಗೆ ಒತ್ತುತ್ತಿರುವುದೂ ಇದೇ.
ನಮ್ಮ ಮನೆತನದಲ್ಲಿ ಇದಕ್ಕೆ ಇಷ್ಟು ವಿದ್ಯೆ ಕಲಿಸಿದ್ದು
ನಾನೇ ಮೊದಲು.

ಭಾನುವಾರ. ಐದು ಹೆಜ್ಜೆ.
ಎಸೆಯಬೇಡಿ ಅಂದಿದ್ದ. ಎಸೆಯಲಿಲ್ಲ.
ಹಿಂದಕ್ಕೆ ಹೋದ ತೂಕ ತಾನಾಗಿ ಮುಂದಕ್ಕೆ ಬಂತು,
ಹರಡಿನ ಪಕ್ಕಕ್ಕೆ ಬಂದಾಗ
ಹೆಬ್ಬೆಟ್ಟು ಇಳಿದು ಹೋಯಿತು,
ಬಸ್ಸು ಪೂರ್ತಿ ನಿಲ್ಲುವ ಮೊದಲೇ
ತನ್ನ ಮನೆಯೆದುರು ಇಳಿಯುವ ಹಳೇ ಪ್ಯಾಸೆಂಜರಿನಂತೆ,
ಶಿಳ್ಳೆಯಿಲ್ಲ, ಹೇಳುವುದಿಲ್ಲ.
ಉಳಿದೆರಡು ಬೆರಳು ಅರೆಗಳಿಗೆ ಹೆಚ್ಚು ನಿಂತವು,
ಬಾಗಿಲ ಗುಬುಟು ತಿರುವಿದಂತೆ ಒಂದಿಷ್ಟು ತಿರುವಿದವು.

ಚೆಂಡು ಎಣ್ಣೆಯ ಮೇಲೆ ನೆಟ್ಟಗೆ,
ಚರಂಡಿಗೇ ಹೊರಟಂತೆ ನೆಟ್ಟಗೆ.
ಹುಲಿಕಲ್ ಘಾಟಿಯಲ್ಲಿ ಡ್ರೈವರ್ ಶೇಷಗೌಡ್ರು ಹೇಳುವುದುಂಟು:
ಬೇಗ ತಿರುಗಿಸಿದವ ಬಂಡೆಗೆ, ತಡ ಮಾಡಿದವ ಕಣಿವೆಗೆ.
ಎಣ್ಣೆ ಮುಗಿದಲ್ಲಿ, ಒಣ ಹಲಗೆಯಲ್ಲಿ,
ಚೆಂಡಿಗೆ ಏನೋ ನೆನಪಾಯಿತು.
ತಿರುಗಿತು.

ಒಂಬತ್ತು ಬಿದ್ದವು.
ಬಲ ಮೂಲೆಯ ಒಂದು ಮಾತ್ರ ತೂಗಿ, ತೂಗಿ, ನಿಂತೇ ಬಿಟ್ಟಿತು.
ಹಿಂದೆ ಮೆಷಿನ್ನಿನ ಕತ್ತಲಲ್ಲಿ ಗ್ರೀಸ್ ಹಚ್ಚುತ್ತಿದ್ದ ತಿಪ್ಪೇಶಿ
"ಛೇ!" ಅಂದದ್ದು ಇಲ್ಲಿಯವರೆಗೂ ಕೇಳಿತು.

ನೋಡಲೆಂದೇ ಬಂದಿದ್ದ ಜಬೀವುಲ್ಲಾ
ಆ ಕಡೆ ಕಣ್ಣು ಹಾಯಿಸಲೂ ಇಲ್ಲ.
ನನ್ನ ಹೆಬ್ಬೆಟ್ಟು ಹಿಡಿದು ಹಿಂದೆ ಮುಂದೆ ಹೊರಳಿಸಿದ.
ಕೆಂಪಿಲ್ಲ. ಬಿಸಿಯಿಲ್ಲ.
"ನನ್ನ ಕೆಲಸ ಮುಗೀತು," ಅಂದ,
"ನಿಂತಿರೋದು ನಿಮ್ಮದು."