ಮೂರ್ಸಾರಿ

ಕೋಲಾರದ ಮಂಡಿಯಲ್ಲಿ ಟೊಮೊಟೊ ಹರಾಜು ಕೂಗೋದು ನನ್ನ ಕೆಲಸ.
ಹತ್ತೊಂಬತ್ತು ವರ್ಷ.
ಗಂಟಲು ಮಾರಿಕೊಂಡೇ ಸೈಟು ತಗೊಂಡೆ, ಮಗಳಿಗೆ ಸ್ಕೂಟಿ ಕೊಡಿಸಿದೆ.
ಕನ್ನಡದಲ್ಲಿ ಶುರು, ತೆಲುಗಿನಲ್ಲಿ ಏರಿಕೆ,
ದೂರದ ವ್ಯಾಪಾರಿ ಬಂದರೆ ನಾಲ್ಕು ಮಾತು ಹಿಂದಿ.
ನೂರಾ ತೊಂಬತ್ತು, ಇನ್ನೂರು, ಇನ್ನೂರಾ ಹತ್ತು,
ಒಂದ್ಸಾರಿ, ಎರಡ್ಸಾರಿ, ಮೂರ್ಸಾರಿ.
ಮೂರ್ಸಾರಿ ಅಂದಮೇಲೆ ಮುಗೀತು.
ದೇವರು ಬಂದು ಕೇಳಿದರೂ ಆ ಬಾಕ್ಸು ಹೋಯ್ತು.

ಯಾವಾಗ ಶುರುವಾಯಿತೋ ಗೊತ್ತಿಲ್ಲ.
ಬೆಲೆ ಬಿದ್ದ ವರ್ಷವಲ್ಲ,
ಆಗಿದ್ದರೆ ಹೇಳಿಕೊಳ್ಳಲು ಒಂದು ಮರ್ಯಾದೆಯ ಕಾರಣವಿರುತ್ತಿತ್ತು.
ಬೆಲೆ ಏರಿದ ವರ್ಷ. ಫೋನು ಮಲಗದ ವರ್ಷ.
ದೀಪ ಆರಿಸಿದ ಕೂಡಲೇ
ತಲೆಯೊಳಗೆ ಯಾವನೋ ಲೋಡು ಇಳಿಸುತ್ತಾನೆ.
ಮಗಳ ಫೀಸು, ಒಂದ್ಸಾರಿ.
ಎಡಗೈ ಜುಮ್ಮೆನ್ನೋದು ಹಾರ್ಟಿರಬಹುದಾ, ಒಂದ್ಸಾರಿ, ಎರಡ್ಸಾರಿ.
ಶ್ರೀನಿವಾಸಪುರದ ಪಾರ್ಟಿಗೆ ಬೆಳಗ್ಗೆ ಜೋರಾಗಿ ಅಂದೆನಾ,
ಅಂದಿದ್ದರೆ, ಎರಡ್ಸಾರಿ, ಎರಡ್ಸಾರಿ, ಎರಡ್ಸಾರಿ
ಮೂರನೆಯದು ಬರೋದೇ ಇಲ್ಲ.
ಯಾವ ಚಿಂತೆಯನ್ನೂ ಯಾರೂ ಕೊಂಡುಹೋಗುವುದಿಲ್ಲ.
ಎದ್ದು ಕೂತು ಬೆವರು ಒರೆಸಿಕೊಳ್ಳುವಾಗ
ಮುನಿರತ್ನಮ್ಮ ನಿದ್ದೆಯಲ್ಲೇ ಕೈ ಚಾಚಿ ಬೆನ್ನು ಮುಟ್ಟುತ್ತಾಳೆ,
ಅನ್ನ ಬೆಂದಿದೆಯಾ ಅಂತ ಅಗುಳು ಹಿಚುಕಿ ನೋಡುವ ಹಾಗೆ.

ಅವಳು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.
ಘಾಟೇ ಬರಲಿಲ್ಲ, ದೃಷ್ಟಿಯೇ ಸರಿ, ಅಂತ ಸಮಾಧಾನಪಟ್ಟಳು.
ನನಗೆ ಘಾಟು ಬಂದಿತ್ತು. ಹೇಳಲಿಲ್ಲ.
ಇಸಿಜಿ ಎರಡು ಸಲ ಆಯಿತು,
ಹಾರ್ಟು ಹೊಸ ಗಡಿಯಾರದಂಗಿದೆ ಹೋಗಯ್ಯ ಅಂದರು.

ಒಂದು ಬೆಳಗ್ಗೆ, ಏಳನೇ ಸಾಲಿನ ಹತ್ತಿರ,
ಎರಡ್ಸಾರಿ ಅಂದವನು ನಿಂತುಬಿಟ್ಟೆ.
ಬಾಯಿ ತೆರೆದಿದೆ, ಒಳಗೆ ಏನೂ ಇಲ್ಲ.
ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು,
ಇವನದೇನೋ ತಂತ್ರ ಅಂದುಕೊಂಡು
ಹತ್ತು ರೂಪಾಯಿ ಏರಿಸಿದರು.

ದೊಡ್ಡಾಸ್ಪತ್ರೆ. ಕೊನೇ ಕಾರಿಡಾರು. ಹದಿನಾಲ್ಕನೇ ರೂಮು.
ಬೋರ್ಡು ಓದಿ ವಾಪಸ್ಸು ಬಂದೆ.
ಟವಲು ಮುಖಕ್ಕೆ ಸುತ್ತಿ, ಹಲ್ಲಿನ ಕ್ಯೂನಲ್ಲಿ ಅರ್ಧ ಗಂಟೆ ನಿಂತೆ,
ಕಬ್ಬು ಸಿಗಿಯುವ ಹಲ್ಲಿಟ್ಟುಕೊಂಡು.

ಡಾಕ್ಟ್ರಮ್ಮ ನನ್ನ ಮಗಳಿಗಿಂತ ಆರೇಳು ವರ್ಷ ದೊಡ್ಡವಳಿರಬೇಕು.
ಹುಚ್ಚಾ ಅಂತ ಕೇಳಿದೆ.
ಅಲ್ಲ ಅಂದರು, ಉಪ್ಪು ಕಡಿಮೆ ಅನ್ನೋ ಅಷ್ಟು ಸಲೀಸಾಗಿ.
ಮಂಡಿಗೆ ರಜ ಯಾವತ್ತು?
ಇಲ್ಲ.
ನಿಮಗೆ?
ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಹುರಿಗಡಲೆಗಿಂತ ಸಣ್ಣ ಮಾತ್ರೆ. ತಕ್ಷಣ ಗುಣ ಕಾಣಲ್ಲ,
ನಿಲ್ಲಿಸಬೇಡಿ, ಮತ್ತೆ ಬನ್ನಿ ಅಂದರು.
ಆಮೇಲೆ ಇನ್ನೊಂದು:
ಚಿಂತೆಗೆ ಒಂದು ಟೈಮು ಕೊಡಿ. ಸಂಜೆ ಆರರಿಂದ ಆರೂವರೆ.
ಅದಾದ ಮೇಲೆ ಬಂದದ್ದಕ್ಕೆ ನಾಳೆ ಬಾ ಅನ್ನಿ.
ತಡವಾಗಿ ಬಂದ ಲೋಡಿಗೆ ಹಾಗೆ ಅನ್ನೋದು ನನಗೆ ಗೊತ್ತಿತ್ತು.
ಇದಕ್ಕೂ ಅನ್ನಬಹುದು ಅನ್ನೋದು ಗೊತ್ತಿರಲಿಲ್ಲ.

ಈಗ ಸಂಜೆ ಕೋಲಾರಮ್ಮನ ಕೆರೆ ಏರಿಯ ಮೇಲೆ ಕೂರುತ್ತೇನೆ.
ಎದುರಿಗೆ ಅಂತರಗಂಗೆ ಬೆಟ್ಟ,
ಅದರ ಬಂಡೆಗಳಿಗೆ ಯಾರೂ ಬೆಲೆ ಕಟ್ಟಿಲ್ಲ ಸದ್ಯ.
ಫೋನು ಮನೆಯ ರಾಗಿ ಡಬ್ಬದಲ್ಲಿ ಬಡಕೊಳ್ಳುತ್ತಿರುತ್ತದೆ.
ಒಂದೊಂದನ್ನೇ ಇಳಿಸಿ, ತಿರುವಿ ನೋಡಿ,
ಮೂರ್ಸಾರಿ ಅನ್ನುತ್ತೇನೆ, ಮೆಲ್ಲಗೆ, ಕೊಕ್ಕರೆ ಹಾರದಷ್ಟು ಮೆಲ್ಲಗೆ.
ಕೆಲವು ಹೋಗುತ್ತವೆ.
ಕೆಲವು ಹೋಗಲ್ಲ, ಅವೇ ಬಾಕ್ಸು, ಅವೇ ಕೊಳೆತ ಹಣ್ಣು, ಮಾರನೇ ದಿನ ಮತ್ತೆ.
ಮೊನ್ನೆ ನಾಲ್ಕೂವರೆವರೆಗೆ ನಿದ್ದೆ ಮಾಡಿದೆ.
ನಿನ್ನೆ ಇಲ್ಲ.

ಇವತ್ತು ಟೀ ಅಂಗಡಿ ಹತ್ತಿರ ಹಮಾಲಿ ಚಂಗಲರಾಯಪ್ಪ ಬಂದ.
ಮೂರು ಬಾಕ್ಸು ಒಟ್ಟಿಗೆ ಹೊರುವ ಆಳು.
ಆ ಕಡೆ ಈ ಕಡೆ ನೋಡಿ
ಅಣ್ಣಾ, ನಮ್ಮೋರು ಯಾರಿಗೋ ಬೇಕಿತ್ತು,
ಆ ರೂಮು ಎಷ್ಟನೇ ನಂಬರು ಅಂದ.
ನಮ್ಮೋರು ಯಾರು ಅಂತ ಕೇಳಲಿಲ್ಲ.
ಹದಿನಾಲ್ಕು ಅಂದೆ. ಲಾರಿ ಹಾರ್ನಿನಲ್ಲಿ ಕೇಳಿಸಲಿಲ್ಲ.
ಹದಿನಾಲ್ಕು ಅಂದೆ. ಅವನ ಕಣ್ಣು ಟೀ ಲೋಟದೊಳಗಿತ್ತು.
ಆಮೇಲೆ ನನ್ನ ಮಂಡಿ ಗಂಟಲಲ್ಲೇ ಅಂದೆ:
ನಾನು ಹೋಗ್ತೀನಲ್ಲ, ಆ ರೂಮು, ಹದಿನಾಲ್ಕು!
ಹತ್ತು ಜನ ತಿರುಗಿ ನೋಡಿದರು.

ನೋಡಲಿ.