ತಿದಿ

ಬಾಗಿಲು ತೆಗೆದು ಊದುಬತ್ತಿ ಹಚ್ಚುವಷ್ಟರಲ್ಲಿ
ಮಗ್ಗುಲ ಗ್ಯಾರೇಜಿನ ಮಕ್ಬೂಲ್ ಬಂದ.
ಕೈಯಲ್ಲಿ ವೇಸ್ಟು ಬಟ್ಟೆ, ಬಟ್ಟೆಯೊಳಗೆ
ಹಿತ್ತಾಳೆಯದೊಂದು ಪುಟ್ಟ ಸಾಮಾನು,
ಮಡಿಕೆ ಮಡಿಕೆ,
ಮೈಚಾಚಿ ಸತ್ತ ಕಂಬಳಿಹುಳುವಿನ ಹಾಗೆ.

"ಇಗ್ನೇಷಿಯಸ್ ಮೇಷ್ಟ್ರ ಬೀಟಲ್‌ದು, ಥರ್ಮೋಸ್ಟಾಟು.
ಎಲ್ಲೋ ತೂತು ಬಿದ್ದಿದೆ. ರೇಡಿಯೋ ಬೆಸುಗೆಯೇ ಆಗಬೇಕು,
ನನ್ನ ಗ್ಯಾಸ್ ವೆಲ್ಡಿಂಗಿಗೆ ಇದು
ಬೆಣ್ಣೆ ಕರಗಿದಂಗೆ ಕರಗಿಹೋಗುತ್ತೆ, ಶಿವನಂಜಣ್ಣ."

ನೀರೇ ಇಲ್ಲದ ಇಂಜಿನ್ನಿಗೆ ಥರ್ಮೋಸ್ಟಾಟು ಯಾಕೋ ಎಂದೆ.
ಸ್ಟೂಲೆಳೆದು ಕೂತ. ಬೀಡಿ ತೆಗೆದ,
ಟೇಬಲ್ಲಿನ ಸ್ಪಿರಿಟ್ ಸೀಸೆ ನೋಡಿ
ಮತ್ತೆ ಕಿವಿಗೆ ಸಿಕ್ಕಿಸಿಕೊಂಡ.

ಗಾಳಿಯೇ ಅದರ ನೀರು.
ಚಳಿಗೆ ಈ ತಿದಿ ಕುಗ್ಗಿ ಕುಳಿತರೆ
ಮೇಲೆ ಫ್ಯಾನಿನ ಗೂಡಲ್ಲಿ ಕಿಟಕಿ ಮುಚ್ಚುತ್ತೆ.
ಇಂಜಿನ್ನು ಕಾದರೆ ಹಿಗ್ಗಿ,
ಕಡ್ಡಿ ನೂಕಿ, ಕಿಟಕಿ ತೆರೆಯುತ್ತೆ.

ಒಡೆದುಹೋದರೆ?

ಒಡೆದರೆ ಚಾಚಿಕೊಂಡೇ ಇರುತ್ತೆ, ಕಿಟಕಿ ತೆರೆದೇ ಇರುತ್ತೆ.
ಮಾಡಿದವನು ಬುದ್ಧಿವಂತ,
ಕೆಡೋದಾದರೂ ತೆರಕೊಂಡೇ ಕೆಡಲಿ ಅಂದಿದಾನೆ.

ಅವನ ಉಸ್ತಾದು ಪೀರನ್ ಸಾಬರು
"ಮೈಸೂರಲ್ಲಿ ಎಲ್ಲಯ್ಯಾ ಚಳಿ" ಎಂದು
ಬಂದ ಗಾಡಿಯದೆಲ್ಲ ಬಿಚ್ಚಿ ಬಿಸಾಡುತ್ತಿದ್ದರಂತೆ.
ಗುಜರಿಯವನ ತಕ್ಕಡಿಗೆ, ಕಿಲೋ ಲೆಕ್ಕಕ್ಕೆ.
ನಾನೂ ಎಸೆದಿದೀನಿ, ಅಂದ,
ಮೂವತ್ತೋ ನಲವತ್ತೋ.
ಈ ಮೇಷ್ಟ್ರು ಮಾತ್ರ ಬಿಚ್ಚಗೊಡಲಿಲ್ಲ.
ಡಿಸೆಂಬರ್ ಬೆಳಗ್ಗೆ ಲಷ್ಕರಿಂದ ಕುಂಬಾರಕೊಪ್ಪಲ ತನಕ
ಗಾಡಿ ಕೆಮ್ಮುತ್ತೆ ಅಂತ ಅವರ ದೂರು.

ನೀರಲ್ಲಿ ಮುಳುಗಿಸಿ ಹಿಚುಕಿದೆ.
ಮುಚ್ಚಳದ ಅಂಚಿನಿಂದ ಎದ್ದಿತು
ಸಾಸಿವೆಗಿಂತ ಸಣ್ಣದೊಂದು ಗುಳ್ಳೆ.
ಎಮರಿ ಕಾಗದದಲ್ಲಿ ಉಜ್ಜಿದೆ. ಸಿರಿಂಜಿನಲ್ಲಿ
ಎಣಿಸಿ ನಾಲ್ಕು ಹನಿ ಸ್ಪಿರಿಟ್ಟು ಒಳಗೆ.
ಟೀ ಅಂಗಡಿಯ ಕುದಿನೀರಲ್ಲಿ ಕತ್ತಿನವರೆಗೆ ಇಳಿಸಿದರೆ
ಸ್ಪಿರಿಟ್ಟು ಆವಿಯಾಗಿ ಒಳಗಿನ ಗಾಳಿಯನ್ನೆಲ್ಲ
ಅಟ್ಟಿಕೊಂಡು ಹೊರಡಬೇಕು,
ಆ ಸುಯ್ಯೆನ್ನುವ ಸದ್ದು ನಿಲ್ಲುವುದಕ್ಕೆ ಸ್ವಲ್ಪ ಮುಂಚೆ
ಬೆಸುಗೆ ಕೂರಬೇಕು.
ಮುಂಚೆ ಎಂದರೆ ಎಷ್ಟು ಮುಂಚೆ?
ಅದನ್ನು ಯಾವ ಉಸ್ತಾದೂ ಹೇಳಿಕೊಡಲಿಲ್ಲ.

ಮೊದಲ ಸಲ ಅವಸರವಾಯಿತು, ಸೀಸ ಗುಳ್ಳೆಕಟ್ಟಿತು.
ಎರಡನೆಯ ಸಲ ನೀರು ಆರಿತ್ತು.
ಮೇಷ್ಟ್ರೇ ಬಂದು, ಅಳೆದು ಮಾಡೋಣ ಎಂದು
ಮನೆಯ ಜ್ವರದ ಥರ್ಮಾಮೀಟರನ್ನು ಪಾತ್ರೆಗೆ ಇಳಿಬಿಟ್ಟರು.
ಅದು ಟಪ್ಪೆಂದು ಸಿಡಿದು
ಪಾದರಸ ತಳದಲ್ಲಿ ಮಣಿಮಣಿಯಾಗಿ ಓಡಾಡಿತು.
ಯಾರೂ ನಗಲಿಲ್ಲ, ಮೇಷ್ಟ್ರು ನಗುವ ತನಕ.

ಮೂರನೆಯ ಸಲ, ಹೊಸ ಪಾತ್ರೆ, ಹೊಸ ನೀರು.
ಮಕ್ಬೂಲ್ ಹಬೆಗೆ ಅಂಗೈ ಹಿಡಿದು "ಈಗ" ಅಂದ.
ನಾಕಾಣೆ ಕಂಡೆನ್ಸರುಗಳ ಕಾಲಿಗೆ
ಮೂವತ್ತು ವರ್ಷ ಬೆಸೆದ ಕೈ
ಒಮ್ಮೆ ನಡುಗಿ, ನಿಂತಿತು.
ಒಂದು ಹನಿ ಬೆಳ್ಳಿಬಣ್ಣ. ಸದ್ದು ನಿಂತಿತು.

ಹೊರಗೆ ತೆಗೆದು ಪೇಪರಿನ ಮೇಲಿಟ್ಟೆವು.
ಏನೂ ಆಗಲಿಲ್ಲ.
ಎದುರಿನ ಮಾಂಸದಂಗಡಿಯವನು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ.
ಆಮೇಲೆ ಟಿಕ್, ಒಂದು ಮಡಿಕೆ.
ಟಿಕ್, ಇನ್ನೊಂದು.
ಮಲಗಿದ ಮಗು ಹೊದಿಕೆಯೊಳಗೆ
ಮಂಡಿ ಎಳೆದುಕೊಂಡಂತೆ
ಹಿತ್ತಾಳೆ ತನ್ನಷ್ಟಕ್ಕೆ ತಾನು ಮುದುಡಿತು.

ಮತ್ತೆ ಬಿಸಿನೀರಿಗೆ ಹಾಕಿ, ಸ್ಕೂಲಿನ ಸ್ಕೇಲಿಟ್ಟು ನೋಡಿದೆವು.
ನಾಲ್ಕೂವರೆ ಸೆಂಟಿಮೀಟರು ದಾಟಿ ಒಂದು ಗೆರೆ.
ಅಷ್ಟೇ ಬೇಕಾದದ್ದು.

ಕಾಸು ತಗೊಳ್ಳಲಿಲ್ಲ, ಒಂದು ಟೀ ಕುಡಿದೆ.
ಮಾರನೆಯ ಬೆಳಗ್ಗೆ ಬೀಟಲ್ಲು
ಚರ್ಚಿನ ತಿರುವಿನಲ್ಲಿ ಕೆಮ್ಮದೆ ಹೋಯಿತು.
ಸ್ವಲ್ಪ ಕೆಮ್ಮಿತೋ ಏನೋ,
ನನ್ನ ಅಂಗಡಿಯಲ್ಲಿ ವಾರ್ತೆ ಜೋರಾಗಿತ್ತು.

ಮಧ್ಯಾಹ್ನ ಗುಜರಿ ಅಂಗಡಿ ಮುಂದೆ ಹಾದೆ.
ಹಿತ್ತಾಳೆ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು
ಒಂದೊಂದೇ ಎತ್ತಿ ನೋಡುತ್ತಿದ್ದ ಮಕ್ಬೂಲ್.
ಏನೋ ಇದು ಎಂದೆ.
"ಏನಿಲ್ಲ ಬುಡು," ಅಂದ, ತಲೆ ಎತ್ತದೆ,
"ಒಂದು ಸ್ಪ್ರಿಂಗು ಬೇಕಾಗಿತ್ತು."