ಮಾಕುಟ್ಟ ಗೇಟಿನಲ್ಲಿ ಒಂದು ಮಹಜರು

ರಾತ್ರಿ ಎರಡೂಕಾಲು. ಕೂಟುಪುಳದ ಕಡೆಯಿಂದ
ಏದುತ್ತ ಹತ್ತಿದ ಲಾರಿ.
ಬಿಲ್ಲಿನಲ್ಲಿ: ಒಣಮೀನು, ನಲವತ್ತು ಚೀಲ.
ಸಿಗಡಿ, ಬೂತಾಯಿ, ನಂಗು, ಮೂಗಿಗೇ ಗೊತ್ತು ನಮಗೆ
ವಿರಾಜಪೇಟೆ ಸಂತೆಗೆ ಹೋಗುವ ನಾತ.
ಹಿಂದಿನ ಸಾಲಿನ ಹನ್ನೊಂದಕ್ಕೆ ಮಾತ್ರ
ಹೊಲಿಗೆ ಹೊಸದು.

ವಾಚರ್ ಬೊಳ್ಳ ಕತ್ತಿ ಹಾಕಿದ.
ಸುರಿದವು ಮುಮ್ಮೂಲೆಯ ತುಂಡುಗಳು,
ಬೂದಿ ಬಣ್ಣ, ಒಂದಕ್ಕೊಂದು ತಾಗಿ ಟಕಟಕ.
"ಇದೇನು ಮೇಡಂ, ಮರದಣಬೆಯಾ?"
ಅವನ ಹಿಮ್ಮಡಿಗೆ ಕಚ್ಚಿದ್ದ ಇಂಬಳ
ಚೀಲದ ಉಪ್ಪು ತಾಗಿ ಕಳಚಿ ಬಿತ್ತು.

ನಾನು ಕಡಲು ಕಂಡವಳಲ್ಲ.
ತರಬೇತಿಯಲ್ಲಿ ಗೋಡೆಯ ಮೇಲೆ ತೋರಿಸಿದ್ದರು:
ಆನೆ, ಹುಲಿ, ಸಿಂಗಳೀಕ ಇರುವ ಕಾಯ್ದೆಯ ಪಟ್ಟಿಯಲ್ಲೇ
ಕೆಲವು ಜಾತಿಯ ಶಾರ್ಕು.
ಊಟಕ್ಕೆ ಕೂತು ನಗಾಡಿದ್ದೆವು,
ಕೊಡಗಿಗೆ ಅದು ಬಂದರೆ
ದುಬಾರೆಯ ಸಾಕಾನೆ ಬಿಟ್ಟು ಹಿಡಿಸೋಣ ಎಂದು.

ಬಂದಿತ್ತು. ಮೈ ಬಿಟ್ಟು.

ಡ್ರೈವರ್ ಅಸೈನಾರ್ ಬೀಡಿ ಹಚ್ಚಲಿಲ್ಲ, ಬೆರಳಲ್ಲೇ ತಿರುಗಿಸಿದ.
"ಬಾಪ್ಪ ದೋಣಿಗೆ ಹೋಗುತ್ತಿದ್ದರು," ಎಂದ, ಯಾರೂ ಕೇಳದೆ.
"ಇದಕ್ಕೆ ಈಜಿದರೇ ಉಸಿರು.
ರೆಕ್ಕೆ ಕುಯ್ದು ನೀರಿಗೆಸೆದರೆ
ಕಲ್ಲಿನ ಹಾಗೆ ಇಳಿಯುತ್ತದೆ, ಜೀವ ಇದ್ದಂತೆಯೇ.
ನಾನು ಬಾಡಿಗೆಯವನು. ಬಿಲ್ಲು ನೋಡಿದೆ, ಚೀಲ ನೋಡಲಿಲ್ಲ."

ತಿತಿಮತಿಯಲ್ಲಿ ಒಮ್ಮೆ ನೋಡಿದ್ದೇನೆ
ದಂತ ಕಿತ್ತ ಆನೆಯ ಮುಖ.
ಅದು ಬಿದ್ದಲ್ಲೇ ಇತ್ತು. ಸುತ್ತ ಹಗ್ಗ ಕಟ್ಟಿದೆವು,
ಟೇಪು ಹಿಡಿದು ಅಳೆದೆವು, ಯಾರೋ ಊದುಬತ್ತಿ ಸಿಕ್ಕಿಸಿದ್ದರು.
ಇವಕ್ಕೆ ಹಗ್ಗ ಕಟ್ಟುವುದು ಎಲ್ಲಿ?

ಫಾರಂ ಕೇಳುತ್ತದೆ.
ಪ್ರಾಣಿಯ ಹೆಸರು: ಲ್ಯಾಬಿನವರು ಹೇಳಬೇಕು.
ಸಂಖ್ಯೆ: ರೆಕ್ಕೆ, ಎರಡು ಸಾವಿರದ ಮುನ್ನೂರಾರು.
ಹಾಗಾದರೆ ಮೀನೆಷ್ಟು?
ಒಂದಕ್ಕೆ ಎಷ್ಟು ಕುಯ್ಯುತ್ತಾರೋ, ಬೊಳ್ಳ
ಬೆರಳು ಮಡಚಿ, ಬಿಡಿಸಿ, ಮತ್ತೆ ಮಡಚಿ ಸುಮ್ಮನಾದ.
ಕೃತ್ಯ ನಡೆದ ಸ್ಥಳ:

ಪೆನ್ನು ಅಲ್ಲೇ ನಿಂತಿತು.
ಮಾಕುಟ್ಟ ತಪಾಸಣಾ ಗೇಟು ಎಂದು ಬರೆಯಬೇಕು. ಬರೆದೆ.
ನಾಳೆ ವಕೀಲ ಎದ್ದು ಕೇಳುತ್ತಾನೆ, ಯಾವ ಜಾತಿ,
ಪಟ್ಟಿಯಲ್ಲಿ ಇದ್ದದ್ದೋ ಇಲ್ಲದ್ದೋ,
ಒಣಗಿದ ಮೇಲೆ ನಿಮಗೆ ಹೇಗೆ ಗೊತ್ತು?
ಗೊತ್ತಿಲ್ಲ ಸ್ವಾಮಿ. ಅದಕ್ಕೇ ಒಂದೊಂದನ್ನೂ ಎಣಿಸಿದ್ದು.

ಅರಗು ಕರಗಿಸಿ ಮುದ್ರೆ ಒತ್ತುವಾಗ ಬೆಳಗಾಗಿತ್ತು.
ಅಸೈನಾರ್ ಬೆಂಚಿನ ಮೇಲೆ ನಿದ್ದೆಹೋಗಿದ್ದ,
ಬೀಡಿ ಇನ್ನೂ ಕೈಯಲ್ಲಿ.
ಕೈ ತೊಳೆಯಲು ಹೊಳೆಗಿಳಿದೆ.
ಬರಪೊಳೆ, ನಮ್ಮ ಬೆಟ್ಟದ್ದೇ ನೀರು,
ಬಿಲ್ಲಿಲ್ಲದೆ ಗಡಿ ದಾಟಿ
ಅತ್ತಲೇ ಹೋಗುತ್ತಿತ್ತು.
ಉಗುರಿನ ಸಂದಿಯ ಉಪ್ಪನ್ನು
ಬಹಳ ಹೊತ್ತು ತೊಳೆದೆ.